ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಊಟ ಬಿಟ್ಟ ಸಲಮಾಂಡರ್

ಹೊರಗಿನಿಂದ ಹಿಡಿದು ತಂದ ಸಲಮಾಂಡರ್ (ನೋಡಲು ಹಲ್ಲಿಯಂತಿರುವ, ಬಾಲವುಳ್ಳ ಉಭಯವಾಸಿ) ಏನನ್ನೂ ಮುಟ್ಟುತ್ತಿಲ್ಲ ಎಂಬ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹಲವು ಜಾತಿಗಳನ್ನು ಹಿಡಿಯಲು, ಸಾಕಲು ಅನೇಕ ಕಡೆ ಅನುಮತಿ ಬೇಕು. ಅದನ್ನು ಮೊದಲು ನೋಡಿಕೊಳ್ಳಿ. ಪ್ರಾಣಿ ಈಗಾಗಲೇ ನಿಮ್ಮ ಹತ್ತಿರ ಇದೆ ಎಂದಿಟ್ಟುಕೊಂಡೇ ಕೆಳಗಿನ ಉತ್ತರಗಳನ್ನು ಬರೆದಿದ್ದೇವೆ.

ಪ್ರಶ್ನೆ: ಬೆಳೆದ ಟೈಗರ್ ಸಲಮಾಂಡರ್, 18 ಸೆಂ.ಮೀ. ಉದ್ದ. ತಂದು ಎರಡು ವಾರವಾಯಿತು. ಕ್ರಿಕೆಟ್ ಹುಳ, ಮೀಲ್‌ವರ್ಮ್, ಕೊನೆಗೆ ಹಸಿ ಮಾಂಸದ ಚೂರು, ಎಲ್ಲವನ್ನೂ ಕೊಟ್ಟು ನೋಡಿದೆ, ಬಾಯಿ ತೆರೆಯುತ್ತಿಲ್ಲ. ಗಾಜಿನ ತೊಟ್ಟಿ, ತಳಕ್ಕೆ ಜಲ್ಲಿ, ಮೇಲೊಂದು ಬಲ್ಬು. ಕೋಣೆಯ ಉಷ್ಣತೆ 26 ಡಿಗ್ರಿ. ದಿನಕ್ಕೆ ಮೂರು ನಾಲ್ಕು ಸಲ ಹುಳ ಹಿಡಿದು ತೋರಿಸುತ್ತೇನೆ. ಏನು ಕೊಟ್ಟರೆ ತಿಂದೀತು?

ಉತ್ತರ: ಏನು ಕೊಡಬೇಕೆಂಬುದನ್ನು ಆಮೇಲೆ ನೋಡೋಣ. ಕಾರಣಗಳು ನಿಮ್ಮ ಪತ್ರದಲ್ಲೇ ಇವೆ: ಬಲ್ಬು, ಜಲ್ಲಿ, 26 ಡಿಗ್ರಿ, ದಿನಕ್ಕೆ ನಾಲ್ಕು ಸಲ ಮುಚ್ಚಳ ತೆಗೆಯುವುದು. ಟೈಗರ್, ಸ್ಪಾಟೆಡ್ ಮುಂತಾದ ಆಂಬಿಸ್ಟೋಮಾ ಜಾತಿಗಳು ವರ್ಷದ ಬಹುಭಾಗ ನೆಲದೊಳಗೆ ಕಳೆಯುತ್ತವೆ. ರಾತ್ರಿ, ಅದರಲ್ಲೂ ಮಳೆ ಬಿದ್ದ ರಾತ್ರಿ, ಹೊರಬಂದು ಬೇಟೆಯಾಡುತ್ತವೆ. ಬಯಲಲ್ಲಿ ಬೆಳಕಿನ ಕೆಳಗೆ ಕೂತ ಸಲಮಾಂಡರ್‌ಗೆ ಹೊಟ್ಟೆಯ ಯೋಚನೆ ಇರುವುದಿಲ್ಲ, ಅವಿತುಕೊಳ್ಳಲು ಎಡೆ ಎಲ್ಲಿ ಎಂಬುದೊಂದೇ ಚಿಂತೆ.

ಮೊದಲು ಉಷ್ಣತೆ ಇಳಿಸಿ. ಈ ಜಾತಿಗೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. 24 ದಾಟಿತೆಂದರೆ ಅದರ ಮೈಯೊಳಗಿನ ಖರ್ಚು ಏರುತ್ತದೆ, ಹಸಿವು ಇಳಿಯುತ್ತದೆ. ಉಪವಾಸದಲ್ಲಿರುವ ಪ್ರಾಣಿಗೆ ಇದು ಎರಡು ಕಡೆಯಿಂದಲೂ ನಷ್ಟ. ಬಲ್ಬನ್ನು ಇವತ್ತೇ ತೆಗೆಯಿರಿ. ಮನೆಯಲ್ಲಿ ಅತ್ಯಂತ ತಂಪಾಗಿರುವ ಮೂಲೆಯಲ್ಲಿ, ನೆಲದ ಮೇಲೆ ಡಬ್ಬಿ ಇಡಿ. ಒಂದೇ ಕೋಣೆಯಲ್ಲಿ ಕಪಾಟಿನ ಮೇಲ್ಭಾಗಕ್ಕಿಂತ ನೆಲ ತಂಪು. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯ ಹೊರಗೆ ಒಂದು ಬದಿಗೆ ಒರಗಿಸಿದರೆ ಎರಡು ಮೂರು ಡಿಗ್ರಿ ಇಳಿಸಬಹುದು. ಬಾಟಲಿಯನ್ನು ಒಳಗಿಡಬೇಡಿ. ಉಷ್ಣತೆ ಅಳೆಯುವಾಗ ಥರ್ಮಾಮೀಟರಿನ ತುದಿ ಮಣ್ಣಿನ ಮಟ್ಟದಲ್ಲಿರಲಿ. ಗೋಡೆಗೆ ಅಂಟಿಸಿದ ಥರ್ಮಾಮೀಟರ್ ಹೇಳುವುದು ಕೋಣೆಯ ಗಾಳಿಯ ಲೆಕ್ಕ.

ಜಲ್ಲಿಯನ್ನು ಪೂರ್ತಿ ತೆಗೆಯಿರಿ. ಅದರಲ್ಲಿ ತೋಡಲು ಬರುವುದಿಲ್ಲ. ಜೊತೆಗೆ ಹುಳಕ್ಕೆ ಬಾಯಿ ಹಾಕುವಾಗ ಕಲ್ಲೂ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು. ಮೊದಲ ಎರಡು ಮೂರು ವಾರಕ್ಕೆ, ಬಣ್ಣ ಮತ್ತು ಸುಗಂಧವಿಲ್ಲದ ಟಿಶ್ಯೂ ಪೇಪರನ್ನು ಒದ್ದೆ ಮಾಡಿ ಹಲವು ಪದರ ಹಾಸುವುದು ಒಂದು ದಾರಿ. ಹಿಕ್ಕೆ ಬಿತ್ತೇ, ಹುಳ ಕಾಣೆಯಾಯಿತೇ, ಕಕ್ಕಿತೇ ಎಂದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ತೋಡುವ ಜಾತಿ ಕಾಗದದ ಮೇಲೆ ನೆಮ್ಮದಿ ಕಾಣುವುದಿಲ್ಲ. ಹಾಗಾಗಿ ಟೈಗರ್ ಸಲಮಾಂಡರ್‌ಗೆ, ಕಾಯಿಲೆಯ ಲಕ್ಷಣ ಇಲ್ಲದಿದ್ದರೆ, ಗೊಬ್ಬರ ಮತ್ತು ಕೀಟನಾಶಕ ಸೋಕದ ಮಣ್ಣಿಗೆ ಉಪ್ಪಿನಂಶ ಹೋಗುವಂತೆ ತೊಳೆದ ತೆಂಗಿನ ನಾರಿನ ಪುಡಿ ಬೆರೆಸಿ 10ರಿಂದ 15 ಸೆಂ.ಮೀ. ಹಾಸುವುದೇ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ತೇವ ಎಷ್ಟಿರಬೇಕು? ಒಂದು ಹಿಡಿ ಮಣ್ಣನ್ನು ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಇಳಿಯಬಾರದು. ಒಂದು ಬದಿ ಹೆಚ್ಚು ಒದ್ದೆ, ಇನ್ನೊಂದು ಬದಿ ಸ್ವಲ್ಪ ಒಣಗಿದಂತೆ ಇರಲಿ. ಎಲ್ಲಿ ಕೂರಬೇಕೆಂದು ಅದೇ ಆರಿಸಿಕೊಳ್ಳುತ್ತದೆ. ಮೇಲೆ ಎರಡು ತುಂಡು ತೊಗಟೆ, ತರಗೆಲೆ. ಗಾಜಿನ ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ.

ನೀರಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ಇವುಗಳ ಚರ್ಮ ನೀರನ್ನೂ ನೀರಲ್ಲಿ ಬೆರೆತದ್ದನ್ನೂ ಹೀರುತ್ತದೆ. ನಲ್ಲಿ ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ನೀರು ಶುದ್ಧೀಕರಿಸಲು ಕೆಲವೆಡೆ ಬೆರೆಸುವ ಕ್ಲೋರಮೈನ್ ಹೋಗುವುದಿಲ್ಲ. ಅದಕ್ಕೆ ಅಕ್ವೇರಿಯಂಗೆ ಬಳಸುವ ವಾಟರ್ ಕಂಡಿಷನರ್ ಬೇಕು. ಮಣ್ಣಿಗೆ ಚಿಮುಕಿಸುವ ನೀರಿಗೂ ಇದೇ ನಿಯಮ.

ಇಷ್ಟು ಮಾಡಿ ಐದು ದಿನ ಕೈ ಹಾಕಬೇಡಿ. ಹುಳವನ್ನೂ ತೋರಿಸಬೇಡಿ. ಆರನೆಯ ದಿನ ಕತ್ತಲಾದ ಮೇಲೆ ಡಬ್ಬಿಯೊಳಗೆ ನೀರು ಚಿಮುಕಿಸಿ, ಒಂದು ಗಂಟೆ ಬಿಟ್ಟು ಮಂದ ಕೆಂಪು ಬೆಳಕಿನಲ್ಲಿ ನೋಡಿ. ಮಣ್ಣಿನಿಂದ ಮೂತಿ ಹೊರಗಿಟ್ಟಿದ್ದರೆ ಅದೇ ಸಮಯ.

ಈಗ ಊಟ. ಮೊದಲ ಆಯ್ಕೆ ಎರೆಹುಳು, ಎರಡನೆಯ ಆಯ್ಕೆಯೂ ಎರೆಹುಳು. ಮೆತ್ತಗಿರುತ್ತದೆ, ವಾಸನೆ ಇರುತ್ತದೆ, ನಿಧಾನವಾಗಿ ಹೊರಳುತ್ತದೆ, ಹೊರಗೆ ಇವು ತಿಂದು ಬೆಳೆದದ್ದೂ ಅದನ್ನೇ. ಹುಳವನ್ನು ಕ್ಲೋರಿನ್ ಇಲ್ಲದ ನೀರಲ್ಲಿ ತೊಳೆದು 2-3 ಸೆಂ.ಮೀ. ತುಂಡು ಮಾಡಿ. ಕತ್ತರಿಸಿದ ತುಂಡು ಕೆಲವು ನಿಮಿಷ ಹೊರಳಾಡುತ್ತದೆ, ಕತ್ತರಿಸಿದ ಕಡೆಯಿಂದ ಜಿನುಗುವ ರಸದ ವಾಸನೆಯೂ ಮೂಗಿಗೆ ಮುಟ್ಟುತ್ತದೆ. ಪ್ಲಾಸ್ಟಿಕ್ ಅಥವಾ ಬಿದಿರಿನ ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಎರಡು ಸೆಂ.ಮೀ. ದೂರದಲ್ಲಿ, ನೆಲಕ್ಕೆ ತಾಗಿದ ಹಾಗೆ ಎಳೆಯಿರಿ. ಸ್ವಲ್ಪ ಅಲುಗಿಸಿ, ನಿಲ್ಲಿಸಿ, ಮತ್ತೆ ಅಲುಗಿಸಿ. ಮೇಲಿನಿಂದ ಇಳಿಸಬೇಡಿ, ಮೇಲಿನಿಂದ ಬರುವುದೆಲ್ಲ ಅದರ ಪಾಲಿಗೆ ಹಕ್ಕಿಯ ಕೊಕ್ಕು. ಮುಖಕ್ಕೆ ತಿವಿಯುವುದೂ ಬೇಡ. ಲೋಹದ ಚಿಮಟವಾದರೆ ಹಾರಿ ಕಚ್ಚಿದಾಗ ದವಡೆಗೆ ಪೆಟ್ಟಾಗುತ್ತದೆ.

ತಲೆಯನ್ನು ಹುಳದ ಕಡೆಗೆ ಓರೆ ಮಾಡಿ, ಮೂತಿ ಕೆಳಗೆ ಬಾಗಿಸಿ, ಒಂದು ಮುಂಗಾಲನ್ನು ನಿಧಾನಕ್ಕೆ ಮುಂದಿಟ್ಟರೆ ಕೆಲಸ ಅರ್ಧ ಆಯಿತು. ಆಗ ಚಿಮಟ ಅಲುಗಿಸುವುದನ್ನು ನಿಲ್ಲಿಸಿ ಕಾಯಿರಿ. ಬಹುತೇಕ ಜನ ಇಲ್ಲೇ ಆತುರಪಟ್ಟು ಇನ್ನೂ ಜೋರಾಗಿ ಅಲ್ಲಾಡಿಸಿ ಹೆದರಿಸಿಬಿಡುತ್ತಾರೆ. ಬೆನ್ನು ತಿರುಗಿಸಿತೋ, ಬಾಲ ಎತ್ತಿತೋ, ಎರಡು ನಿಮಿಷದೊಳಗೆ ನಿಲ್ಲಿಸಿಬಿಡಿ. ಮತ್ತೊಂದು ಪ್ರಯತ್ನ ಎರಡು ದಿನ ಬಿಟ್ಟು.

ಚಿಮಟಕ್ಕೆ ಬಾರದಿದ್ದರೆ ರಾತ್ರಿ ಇಟ್ಟು ಬಿಡುವ ಉಪಾಯವಿದೆ. ಒಂದು ಸೆಂ.ಮೀ. ಅಂಚಿರುವ ಚಪ್ಪಟೆ ಮುಚ್ಚಳದಲ್ಲಿ ಐದು ತುಂಡು ಎರೆಹುಳು ಎಣಿಸಿ ಹಾಕಿ, ಅದು ಅವಿತಿರುವ ತೊಗಟೆಯ ಬಾಯಿಗೇ ಇಡಿ. ಬೆಳಿಗ್ಗೆ ಎಣಿಸಿ, ಉಳಿದದ್ದನ್ನು ತೆಗೆಯಿರಿ. ಸತ್ತ ಹುಳದ ತುಂಡು ಮಣ್ಣಲ್ಲಿ ಉಳಿದರೆ ಕೊಳೆತು ಅಮೋನಿಯಾ ಏಳುತ್ತದೆ.

ಹಸಿ ಮಾಂಸದ ಪ್ರಯೋಗ ಬಿಡಿ. ಅಲುಗಾಡುವುದಿಲ್ಲ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಕ್ರಿಕೆಟ್ ಹುಳವನ್ನು ರಾತ್ರಿಯಿಡೀ ಒಳಗೆ ಬಿಡಬೇಡಿ; ಹಸಿದರೆ ಅವೇ ಸಲಮಾಂಡರಿನ ಬೆರಳು, ಬಾಲದ ತುದಿ ಕಡಿಯುತ್ತವೆ. ಒಮ್ಮೆ ಹಾಗೆ ಕಡಿಸಿಕೊಂಡ ಪ್ರಾಣಿ ಹುಳ ಕಂಡರೆ ಹಿಂದೆ ಸರಿಯುತ್ತದೆ.

ನೀವು ಬರೆಯದ ಒಂದು ಸಂಗತಿ ಮುಖ್ಯ: ಯಾವ ಕಾಲದಲ್ಲಿ ಹಿಡಿದದ್ದು? ಮೊಟ್ಟೆಯಿಡುವ ಕಾಲದಲ್ಲಿ ಕೊಳದ ಕಡೆಗೆ ಹೊರಟ ಪ್ರಾಣಿಯಾದರೆ, ಅದರಲ್ಲೂ ಹೊಟ್ಟೆ ತುಂಬ ಮೊಟ್ಟೆಯಿರುವ ಹೆಣ್ಣಾದರೆ, ಎಲ್ಲ ಸರಿಯಿದ್ದರೂ ಕೆಲವು ವಾರ ತಿನ್ನದಿರಬಹುದು. ಚಳಿಗಾಲದ ಹೊಸ್ತಿಲಲ್ಲಿ ಹಿಡಿದದ್ದಕ್ಕೂ ಹಸಿವು ಕಡಿಮೆ. ಪೊರೆ ಬಿಡುವ ಒಂದೆರಡು ದಿನವೂ ಊಟ ಮುಟ್ಟುವುದಿಲ್ಲ. ಬಿಟ್ಟ ಪೊರೆಯನ್ನೇ ತಿಂದರೆ ಗಾಬರಿ ಬೇಡ, ಅದು ಅವುಗಳ ರೂಢಿ.

ಪ್ರಶ್ನೆ: ಎಂಟು ಸೆಂ.ಮೀ.ನ ಕೆಂಪು ಬೆನ್ನಿನ ಸಲಮಾಂಡರ್ (ಪ್ಲೆಥೊಡಾನ್). ಎರೆಹುಳು ಕೊಟ್ಟರೆ ಓಡಿ ಹೋಗುತ್ತದೆ. ವಾರಕ್ಕೊಮ್ಮೆ ಡಬ್ಬಿ ಪೂರ್ತಿ ತೊಳೆದು ಹೊಸ ಮಣ್ಣು ಹಾಕುತ್ತಿದ್ದೇನೆ. ಆದರೂ ಸೊರಗುತ್ತಿದೆ.

ಉತ್ತರ: ದೊಡ್ಡದಕ್ಕೆ ಹೇಳಿದ ಮಾತು ಇದಕ್ಕೆ ಅರ್ಧ ಮಾತ್ರ ಅನ್ವಯ. ಇವು ಶ್ವಾಸಕೋಶವಿಲ್ಲದ ಕುಟುಂಬದವು. ಉಸಿರಾಟವೆಲ್ಲ ಚರ್ಮ ಮತ್ತು ಬಾಯಿಯ ಒಳಪದರದ ಮೂಲಕ. ಚರ್ಮ ಒಣಗಿದರೆ ಉಸಿರೇ ಕಷ್ಟ, ಊಟದ ಮಾತೆಲ್ಲಿ? ಉಷ್ಣತೆ 12ರಿಂದ 18 ಡಿಗ್ರಿ ಇರಲಿ. ತೂತುಗಳು ಕಡಿಮೆಯಿರುವ ಮುಚ್ಚಳ, ಸದಾ ತೇವವಾಗಿರುವ ತರಗೆಲೆಯ ದಪ್ಪ ಪದರ, ನೆಲಕ್ಕೆ ಒತ್ತಿ ಕೂತ ಚಪ್ಪಟೆ ತೊಗಟೆ ಬೇಕು. ತೊಗಟೆಯ ಕೆಳಗೆ ಬೆನ್ನಿಗೂ ಹೊಟ್ಟೆಗೂ ಏನಾದರೂ ತಾಗುತ್ತಿರುವಷ್ಟು ಇಕ್ಕಟ್ಟು ಇದ್ದರೆ ಅದಕ್ಕೆ ಧೈರ್ಯ.

ವಾರಕ್ಕೊಮ್ಮೆ ಪೂರ್ತಿ ತೊಳೆಯುವುದು ನಿಲ್ಲಿಸಿ. ಇವು ತಮ್ಮ ಜಾಗವನ್ನು ಮೈಯ ಸ್ರಾವದಿಂದಲೂ ಹಿಕ್ಕೆಯಿಂದಲೂ ಗುರುತಿಸಿಕೊಳ್ಳುತ್ತವೆ. ಮೂಗಿನ ಹೊಳ್ಳೆಯಿಂದ ತುಟಿಗೆ ಇಳಿಯುವ ಸಣ್ಣ ಗೀರೊಂದಿದೆ. ಮೂತಿಯನ್ನು ನೆಲಕ್ಕೆ ತಟ್ಟಿ ತಟ್ಟಿ, ಆ ಗೀರಿನ ಮೂಲಕ ನೆಲದ ವಾಸನೆಯನ್ನು ಮೇಲಕ್ಕೆ ಸೆಳೆಯುತ್ತವೆ. ಎಲ್ಲ ತೊಳೆದ ಡಬ್ಬಿ ಪ್ರತಿ ವಾರವೂ ಅಪರಿಚಿತ ಜಾಗ. ಕೊಳೆತದ್ದನ್ನಷ್ಟೇ ಹೆಕ್ಕಿ, ಬೇಕಿದ್ದರೆ ಮೂರರಲ್ಲೊಂದು ಭಾಗ ಮಣ್ಣು ಬದಲಿಸಿ.

ಎರೆಹುಳು ಇದಕ್ಕೆ ತೀರ ದೊಡ್ಡದು. ಹುಳದ ಅಗಲ ಸಲಮಾಂಡರಿನ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು ಎಂಬುದು ಒಳ್ಳೆಯ ಅಳತೆ. ಹೊರಗೆ ಇವು ಬದುಕುವುದು ನುಸಿ, ಇರುವೆ, ಸ್ಪ್ರಿಂಗ್‌ಟೇಲ್‌ನಂಥ ಚೂರು ಜೀವಿಗಳ ಮೇಲೆ. ಆದ್ದರಿಂದ ಹುಳ ತೋರಿಸುವುದನ್ನು ಮರೆತು, ಡಬ್ಬಿಯೊಳಗೇ ಊಟ ಓಡಾಡುವಂತೆ ಮಾಡಿ. ಸ್ಪ್ರಿಂಗ್‌ಟೇಲ್ ಸಾಕುವುದು ಸುಲಭ. ಗಾಳಿ ಹೆಚ್ಚು ಹೋಗದ ಡಬ್ಬಿಯಲ್ಲಿ ಇದ್ದಿಲ ಚೂರು, ತಳದಲ್ಲಿ ಬೆರಳಗಲ ನೀರು, ವಾರಕ್ಕೆ ಒಂದು ಚಿಟಿಕೆ ಯೀಸ್ಟ್ ಅಥವಾ ನಾಲ್ಕಾರು ಅಕ್ಕಿಕಾಳು. ಬೇಕಾದಾಗ ಇನ್ನಷ್ಟು ನೀರು ಹೊಯ್ದರೆ ಅವು ತೇಲುತ್ತವೆ. ಹಾಗೇ ತರಗೆಲೆಯ ಮೇಲೆ ಬಗ್ಗಿಸಿಬಿಡಿ. ನೂರಾರು ಒಳಗಿದ್ದರೂ ತೊಂದರೆಯಿಲ್ಲ. ಅವು ಬೂಷ್ಟನ್ನು ತಿಂದು ಡಬ್ಬಿಯನ್ನೂ ಶುಚಿಯಾಗಿಡುತ್ತವೆ, ಪ್ರಾಣಿಯನ್ನು ಕಡಿಯುವುದಿಲ್ಲ.

ಸ್ಪ್ರಿಂಗ್‌ಟೇಲ್ ಒಂದರಿಂದಲೇ ಬೆಳೆದ ಪ್ರಾಣಿಯ ಹೊಟ್ಟೆ ತುಂಬದು. ಹಾರಲಾರದ ಹಣ್ಣಿನ ನೊಣ (ಡ್ರೋಸೊಫಿಲಾ) ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಹತ್ತು ಹದಿನೈದು ಹಾಕಿ. ಅವು ಗೋಡೆ ಹತ್ತಿ ಮುಚ್ಚಳಕ್ಕೆ ಸೇರಿಬಿಡುತ್ತವೆ, ಸಲಮಾಂಡರ್ ಕೆಳಗೇ ಉಳಿಯುತ್ತದೆ. ಚಿಕ್ಕ ಹಣ್ಣಿನ ಹೋಳೊಂದನ್ನು ತರಗೆಲೆಯ ಮಧ್ಯೆ ಇಟ್ಟರೆ ನೊಣಗಳು ಅಲ್ಲೇ ಸುತ್ತುತ್ತವೆ. ಮರುದಿನ ಹೋಳನ್ನು ತೆಗೆಯಿರಿ. ಬಿಳಿ ಹುಳ (ಎನ್‌ಕೈಟ್ರೇಯಸ್) ಇನ್ನೂ ಒಳ್ಳೆಯದು: ಕೊಬ್ಬು ಹೆಚ್ಚು, ಸೊರಗಿದ್ದಕ್ಕೆ ಮೈ ಬರುತ್ತದೆ. ಬಾಟಲಿ ಮುಚ್ಚಳದಲ್ಲಿ ಒಂದು ಚಿಟಿಕೆಯಷ್ಟು ಗುಂಪಾಗಿ ಇಟ್ಟರೆ ಒಟ್ಟಿಗೆ ಮಿಡುಕುತ್ತಿರುತ್ತವೆ, ಕಣ್ಣಿಗೆ ಬೀಳುತ್ತವೆ. ಔಷಧ ಸಿಂಪಡಿಸದ ಕಡೆಯ ಗೆದ್ದಲು ಸಿಕ್ಕರೆ, ದೊಡ್ಡ ದವಡೆಯ ಸೈನಿಕರನ್ನು ಬಿಟ್ಟು ಬಿಳಿಯ ಕೆಲಸಗಾರರನ್ನು ಮಾತ್ರ ಹಾಕಿ. ಏನನ್ನೂ ಮುಟ್ಟದ ಪ್ರಾಣಿ ಗೆದ್ದಲಿಗೆ ಸೋಲುವುದುಂಟು.

ಇದನ್ನು ಬಾಲ ಹಿಡಿದು ಎತ್ತಲೇಬೇಡಿ. ಬಾಲ ಕಳಚುತ್ತದೆ, ಮತ್ತು ಉಪವಾಸದ ದಿನಗಳಿಗೆಂದು ಕೂಡಿಟ್ಟ ಕೊಬ್ಬು ಇರುವುದು ಅಲ್ಲೇ.

ಪ್ರಶ್ನೆ: ಕೆಂಪು ಎರೆಹುಳುವನ್ನು ಬಾಯಿಗೆ ಹಾಕಿಕೊಂಡ ಕೂಡಲೇ ಉಗುಳಿ, ಮೂತಿಯನ್ನು ನೆಲಕ್ಕೆ ಉಜ್ಜುತ್ತದೆ. ಗಂಟಲಿನ ರೋಗವೇ?

ಉತ್ತರ: ರೋಗವಲ್ಲ, ಹುಳದ ರುಚಿ. ಗೊಬ್ಬರದ ಗುಂಡಿಯಲ್ಲಿ ಬಳಸುವ, ಮೈಮೇಲೆ ಪಟ್ಟೆಗಳಿರುವ ಕೆಂಪು ಹುಳ (ಐಸೀನಿಯಾ ಫೆಟಿಡಾ) ಮುಟ್ಟಿದರೆ ನಾರುವ ಹಳದಿ ದ್ರವ ಸುರಿಸುತ್ತದೆ. ಹಲವು ಸಲಮಾಂಡರ್‌ಗಳು ಅದನ್ನು ಸಹಿಸುವುದಿಲ್ಲ, ಒಮ್ಮೆ ಕಹಿಯಾದ ಮೇಲೆ ಒಳ್ಳೆಯ ಎರೆಹುಳುವನ್ನೂ ಕೆಲವು ದಿನ ಅನುಮಾನಿಸುತ್ತವೆ. ಮಣ್ಣಿನ ಬಣ್ಣದ ಸಾಮಾನ್ಯ ಎರೆಹುಳುವಿಗೆ ಬದಲಾಯಿಸಿ. ಬೇರೇನೂ ಸಿಗದಿದ್ದರೆ ತುಂಡು ಮಾಡಿ, ನೀರು ಬದಲಿಸುತ್ತ ಎರಡು ಮೂರು ಸಲ ಚೆನ್ನಾಗಿ ತೊಳೆದು ಕೊಡಿ, ಕೆಲವು ಒಪ್ಪುತ್ತವೆ.

ಪ್ರಶ್ನೆ: ನನ್ನದು ತಿಂಗಳುಗಟ್ಟಲೆ ಚೆನ್ನಾಗಿ ತಿನ್ನುತ್ತಿತ್ತು, ಕ್ರಿಕೆಟ್ ಹುಳ ಮಾತ್ರ. ಈಗ ನಾಲಿಗೆ ಚಾಚುತ್ತದೆ, ಹುಳ ಜಾರಿ ಹೋಗುತ್ತದೆ. ಹಸಿವಿದೆ, ಆದರೆ ಹಿಡಿಯಲಾಗುತ್ತಿಲ್ಲ.

ಉತ್ತರ: ಇದು ಊಟ ಬಿಟ್ಟ ಪ್ರಾಣಿಯಲ್ಲ, ಊಟ ಎಟುಕದ ಪ್ರಾಣಿ. ಚಿಕಿತ್ಸೆ ಬೇರೆ. ಉಭಯವಾಸಿಗಳಲ್ಲಿ ಎ ವಿಟಮಿನ್ ಕೊರತೆಯಾದರೆ ನಾಲಿಗೆಯ ಲೋಳೆ ಗ್ರಂಥಿಗಳ ಜಾಗದಲ್ಲಿ ಒಣ ಪದರ ಬೆಳೆಯುತ್ತದೆ. ಅಂಟು ಇಲ್ಲದ ನಾಲಿಗೆಗೆ ಹುಳ ಅಂಟುವುದಿಲ್ಲ. ಇನ್ನೊಂದು ಸಾಧ್ಯತೆ ಕ್ಯಾಲ್ಸಿಯಂ ಕೊರತೆಯಿಂದ ದವಡೆ ಮೆತ್ತಗಾಗಿರುವುದು. ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು, ಪುಡಿ ಸವರದೆ ಅದೊಂದನ್ನೇ ತಿನ್ನಿಸಿದರೆ ಎಲುಬಿನಿಂದ ಕ್ಯಾಲ್ಸಿಯಂ ಕರಗುತ್ತದೆ. ಕೆಳದವಡೆ ಓರೆಯಾಗಿದೆಯೇ, ಬಾಯಿ ಪೂರ್ತಿ ಮುಚ್ಚುತ್ತದೆಯೇ ಎಂದು ಪಕ್ಕದಿಂದ ನೋಡಿ.

ಎರಡಕ್ಕೂ ಉಭಯವಾಸಿಗಳನ್ನು ನೋಡುವ ಪಶುವೈದ್ಯರು ಬೇಕು. ಎ ವಿಟಮಿನ್ ಹೆಚ್ಚಾದರೂ ವಿಷ, ಅಂದಾಜಿಗೆ ಹನಿ ಹಾಕಬೇಡಿ. ಅಲ್ಲಿಯವರೆಗೆ ನಾಲಿಗೆ ಬೇಡದ ರೀತಿಯಲ್ಲಿ ಉಣಿಸಿ: ಎರೆಹುಳುವಿನ ತುಂಡನ್ನು ಚಿಮಟದಲ್ಲಿ ತುಟಿಯ ಅಂಚಿಗೇ ತಾಗಿಸಿದರೆ ದವಡೆಯಿಂದಲೇ ಹಿಡಿಯುತ್ತದೆ. ಮುಂದೆ ಕೀಟ ಕೊಡುವಾಗಲೆಲ್ಲ ಎರಡು ಸಲಕ್ಕೊಮ್ಮೆ ಡಿ3 ವಿಟಮಿನ್ ಇರುವ ಕ್ಯಾಲ್ಸಿಯಂ ಪುಡಿ, ಹದಿನೈದು ದಿನಕ್ಕೊಮ್ಮೆ ಮಲ್ಟಿವಿಟಮಿನ್ ಪುಡಿ ಸವರಿ. ಮಲ್ಟಿವಿಟಮಿನ್ ಡಬ್ಬಿಯ ಮೇಲೆ ಎ ವಿಟಮಿನ್ ರೆಟಿನಾಲ್ ರೂಪದಲ್ಲಿ ಇದೆಯೇ ನೋಡಿ. ಬೀಟಾ ಕ್ಯಾರೊಟಿನ್ ಮಾತ್ರ ಇದ್ದರೆ ಅದನ್ನು ನೆಚ್ಚಬೇಡಿ.

ಪ್ರಶ್ನೆ: ಕಿತ್ತಳೆ ಬಣ್ಣದ ಪುಟ್ಟ ನ್ಯೂಟ್ (ಸಲಮಾಂಡರಿನ ಒಂದು ಬಗೆ) ಸಿಕ್ಕಿತು. ನ್ಯೂಟ್ ಎಂದರೆ ನೀರಿನದು ಎಂದು ಅಕ್ವೇರಿಯಂಗೆ ಬಿಟ್ಟು, ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಹಾಕುತ್ತಿದ್ದೇನೆ. ಗಾಜಿಗೆ ಅಂಟಿಕೊಂಡು ಮೇಲೇರಲು ನೋಡುತ್ತದೆ, ತಿನ್ನುವುದಿಲ್ಲ.

ಉತ್ತರ: ಕೂಡಲೇ ನೀರಿನಿಂದ ತೆಗೆಯಿರಿ. ನಿಮ್ಮ ವರ್ಣನೆ ಎಫ್ಟ್ ಎಂದು ಕರೆಯುವ ನೆಲವಾಸದ ಹಂತಕ್ಕೆ ಹೊಂದುತ್ತದೆ. ಪೂರ್ವ ಉತ್ತರ ಅಮೆರಿಕದ ನೊಟೊಫ್ತಾಲ್ಮಸ್ ವಿರಿಡೆಸೆನ್ಸ್ ಜಾತಿ ಈ ಹಂತದಲ್ಲಿ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಾಡಿನ ನೆಲದಲ್ಲಿ ಕಳೆದು, ಆಮೇಲೆ ನೀರಿಗೆ ಮರಳುತ್ತದೆ. ಚರ್ಮ ಒರಟಾಗಿ ಒಣಗಿದಂತೆ, ಬಾಲ ಉರುಟಾಗಿ ಇದ್ದರೆ ನೆಲದ್ದು. ಚರ್ಮ ನುಣುಪಾಗಿ, ಬಾಲ ಚಪ್ಪಟೆಯಾಗಿ ಅಗಲ ಅಂಚಿನೊಂದಿಗೆ ಇದ್ದರೆ ನೀರಿನದು.

ಊಟಕ್ಕೂ ಇದಕ್ಕೂ ಸಂಬಂಧವಿದೆ. ನೀರಿನಲ್ಲಿರುವ ನ್ಯೂಟ್ ಬಾಯಿ ತೆರೆದು ನೀರಿನ ಸಮೇತ ಬೇಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೆಲದಲ್ಲಿರುವುದು ನಾಲಿಗೆಗೆ ಅಂಟಿಸಿ ಹಿಡಿಯುತ್ತದೆ. ಒಂದಕ್ಕೆ ಹೊಂದಿಕೊಂಡಿರುವಾಗ ಇನ್ನೊಂದು ಸರಿಯಾಗಿ ಬರುವುದಿಲ್ಲ. ಎಫ್ಟ್‌ಗೆ ತೇವದ ತರಗೆಲೆ, ಹಾವಸೆ, 15-20 ಡಿಗ್ರಿ, ಸ್ಪ್ರಿಂಗ್‌ಟೇಲ್ ಮತ್ತು ಹಣ್ಣಿನ ನೊಣ. ಉಳಿದದ್ದು ಪ್ಲೆಥೊಡಾನ್ ಉತ್ತರದಲ್ಲಿದೆ. ಇವು ಹಗಲಿನಲ್ಲೂ ತಿರುಗಾಡುವುದರಿಂದ ಮಂದ ಬೆಳಕಿನಲ್ಲಿ ಸಂಜೆ ಉಣಿಸಬಹುದು.

ನಿಜಕ್ಕೂ ನೀರಿನ ಹಂತದ ನ್ಯೂಟ್ ತಿನ್ನದಿದ್ದರೆ ಮೂರು ಸಂಗತಿ ನೋಡಿ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಬೇಕು. ಫಿಲ್ಟರಿನ ಹರಿವು ಪ್ರಾಣಿಯನ್ನು ತಳ್ಳುವಷ್ಟು ಇರಬಾರದು. ಮೇಲೆ ತೇಲುವ ಬೆಂಡಿನ ತುಂಡು ಇರಬೇಕು. ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಅಲುಗುವುದಿಲ್ಲ. ಮೊದಲು ಜೀವಂತ ಡಾಫ್ನಿಯಾ (ನೀರಿನ ಚಿಗಟ) ಅಥವಾ ಬ್ಲ್ಯಾಕ್‌ವರ್ಮ್ ಕೊಟ್ಟು ರೂಢಿಯಾದ ಮೇಲೆ, ಕರಗಿಸಿದ ಬ್ಲಡ್‌ವರ್ಮನ್ನು ಚಿಮಟದಲ್ಲಿ ಅಲುಗಿಸಿ ಅಭ್ಯಾಸ ಮಾಡಿಸಿ. ಉಳಿದದ್ದನ್ನು ಒಂದು ಗಂಟೆಯೊಳಗೆ ತೆಗೆಯಿರಿ. ಮುಟ್ಟಿದ ಮೇಲೆ ಕೈ ತೊಳೆಯುವುದು ಖಂಡಿತ: ಕೆಲವು ನ್ಯೂಟ್‌ಗಳ ಚರ್ಮದಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ಬಲವಾದ ವಿಷವಿದೆ.

ಪ್ರಶ್ನೆ: ಎಷ್ಟು ದಿನ ಕಾಯಬಹುದು? ಬಾಯಿ ಬಿಡಿಸಿ ತಿನ್ನಿಸಬೇಕಾದ ಘಟ್ಟ ಯಾವುದು?

ಉತ್ತರ: ದಿನ ಎಣಿಸುವುದಕ್ಕಿಂತ ಗ್ರಾಂ ಎಣಿಸಿ. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಸಣ್ಣ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಇಟ್ಟು ಸೊನ್ನೆಗೆ ತಂದು, ಪ್ರಾಣಿಯನ್ನು ಕೂರಿಸಿ ಅಂಕಿ ಬರೆದುಕೊಳ್ಳಿ. ವಾರಕ್ಕೆ ಒಂದೇ ಸಲ, ವಾರದ ಅದೇ ದಿನ, ಅದೇ ಹೊತ್ತಿಗೆ. ಚರ್ಮಕ್ಕೆ ಅಂಟಿದ ನೀರು, ಹಿಕ್ಕೆ ಇವುಗಳಿಂದ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ದುಂಡಗಿನ ಬಾಲವಿರುವ ಬೆಳೆದ ಟೈಗರ್ ಸಲಮಾಂಡರ್ ತಂಪಿನಲ್ಲಿ ಕೆಲವು ವಾರ ಉಪವಾಸವಿದ್ದರೂ ಹೆಚ್ಚು ಇಳಿಯುವುದಿಲ್ಲ. ಒಂದೆರಡು ಗ್ರಾಂ ತೂಗುವ ಸಣ್ಣ ಜಾತಿಗೂ, ಈಗಷ್ಟೇ ಕಿವಿರು ಕಳಚಿದ ಮರಿಗೂ ಆ ಗಂಟು ಇಲ್ಲ. ಮೊದಲ ತೂಕದಿಂದ ಶೇ. 10 ಇಳಿದರೆ ವೈದ್ಯರನ್ನು ಕಾಣಿ. ಶೇ. 20 ಇಳಿದರೆ, ಅಥವಾ ಬಾಲದ ಬುಡ ಸಣ್ಣಗಾಗಿ ಸೊಂಟದ ಮೂಳೆ ಎದ್ದು ಕಂಡು ಕಣ್ಣು ಗುಳಿ ಬಿದ್ದರೆ, ಅದು ತುರ್ತು.

ಬಾಯಿ ಬಿಡಿಸುವ ಮುನ್ನ ಒಂದು ಸಣ್ಣ ಪ್ರಯೋಗ. ಎರೆಹುಳುವಿನ ಕತ್ತರಿಸಿದ ತುದಿಯನ್ನು ತುಟಿಯ ಮೇಲೆ ಒಂದೆರಡು ಸಲ ಒರೆಸಿ, ಹಿಂದಕ್ಕೆ ತೆಗೆದು ಕಾಯಿರಿ. ರುಚಿ ಸಿಕ್ಕಿದಾಗ ನಾಲಿಗೆ ಸವರಿಕೊಂಡು ಮುಂದಿನ ತುಂಡನ್ನು ತಾನೇ ಹಿಡಿಯುವುದು ಅಪರೂಪವಲ್ಲ.

ಅದೂ ಆಗದೆ, ತೂಕ ಶೇ. 10ಕ್ಕಿಂತ ಹೆಚ್ಚು ಇಳಿದು, ವೈದ್ಯರ ಭೇಟಿಗೆ ಇನ್ನೂ ಸಮಯವಿದ್ದರೆ ಮಾತ್ರ ಮುಂದಿನದು, ಅದೂ 15 ಸೆಂ.ಮೀ. ಮೀರಿದ ಗಟ್ಟಿ ಪ್ರಾಣಿಗೆ. ಇಬ್ಬರು ಬೇಕು. ಪುಡಿ ಇಲ್ಲದ ನೈಟ್ರೈಲ್ ಕೈಗವಸನ್ನು ಕ್ಲೋರಿನ್ ಇಲ್ಲದ ನೀರಲ್ಲಿ ತೊಳೆದು, ಒದ್ದೆಯಿರುವಾಗಲೇ ಹಿಡಿಯಿರಿ. ತೆಳುವಾದ, ಬಾಗುವ ಪ್ಲಾಸ್ಟಿಕ್ಕಿನಿಂದ ಒಂದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಮೂಲೆಗಳನ್ನು ಉರುಟು ಮಾಡಿ. ಒಬ್ಬರು ಪ್ರಾಣಿಯನ್ನು ಒದ್ದೆ ಟಿಶ್ಯೂ ಮೇಲೆ ಮೆಲ್ಲಗೆ ಒತ್ತಿ ಹಿಡಿಯಲಿ, ಎದೆ ಹಿಸುಕಬಾರದು. ಇನ್ನೊಬ್ಬರು ಪಟ್ಟಿಯನ್ನು ಬಾಯಿಯ ಪಕ್ಕದ ಸಂದಿಗೆ ಮಲಗಿಸಿ ತೂರಿಸಿ, ಸ್ವಲ್ಪವೇ ಓರೆ ಮಾಡಿ. ದವಡೆ ಸಡಿಲವಾದ ಕೂಡಲೇ ಒಂದು ಸೆಂ.ಮೀ. ಎರೆಹುಳುವಿನ ತುಂಡನ್ನು ನಾಲಿಗೆಯ ಮೇಲೆ ಇಟ್ಟು, ಪಟ್ಟಿ ತೆಗೆದು, ಕತ್ತಲ ತೊಗಟೆಯ ಕೆಳಗೆ ಬಿಟ್ಟುಬಿಡಿ. ನೋಡುತ್ತ ನಿಂತರೆ ಉಗುಳುತ್ತದೆ. ಕತ್ತಲಲ್ಲಿ ಬಿಟ್ಟರೆ ನುಂಗುವ ಸಾಧ್ಯತೆ ಹೆಚ್ಚು. ಮೊದಲ ಸಲಕ್ಕೆ ಒಂದೇ ತುಂಡು ಸಾಕು. ಬಹಳ ದಿನ ಉಪವಾಸವಿದ್ದ ಹೊಟ್ಟೆಗೆ ಒಮ್ಮೆಲೇ ತುಂಬಿಸಿದರೆ ಕಕ್ಕುತ್ತದೆ. ನಾಲ್ಕು ದಿನದೊಳಗೆ ಮತ್ತೆ ಮಾಡಬೇಡಿ. ದವಡೆ ಬಿಗಿಯಾಗಿದ್ದರೆ ಬಲ ಹಾಕದೆ ನಿಲ್ಲಿಸಿ. ಸಿರಿಂಜಿನಿಂದ ದ್ರವಾಹಾರ ಬಿಡುವುದಂತೂ ಮನೆಯ ಕೆಲಸವಲ್ಲ. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುತ್ತದೆ.

ಪ್ರಶ್ನೆ: ವ್ಯಾಕ್ಸ್‌ವರ್ಮ್ (ಮೇಣದ ಪತಂಗದ ಮರಿಹುಳ) ಮಾತ್ರ ತಿನ್ನುತ್ತದೆ, ಬೇರೆ ಮುಟ್ಟದು.

ಉತ್ತರ: ಕೊಬ್ಬಿನ ಚಟ. ಉಪವಾಸ ಮುರಿಯಲು ಒಂದೆರಡು ಕೊಟ್ಟದ್ದು ಸರಿ, ನಿತ್ಯದ ಊಟಕ್ಕಲ್ಲ. ಈಗ ಪ್ರಾಣಿ ಪುಷ್ಟವಾಗಿದ್ದರೆ ಒಂದು ವಾರ ಏನೂ ಕೊಡಬೇಡಿ. ಆಮೇಲೆ ವ್ಯಾಕ್ಸ್‌ವರ್ಮನ್ನು ಹಿಸುಕಿ ಅದರ ರಸವನ್ನು ಎರೆಹುಳುವಿನ ತುಂಡಿಗೆ ಸವರಿ ಕೊಡಿ. ದಿನಗಳೆದಂತೆ ರಸ ಕಡಿಮೆ ಮಾಡುತ್ತ ಬನ್ನಿ.

ಪ್ರಶ್ನೆ: ಜಾಗ, ಉಷ್ಣತೆ, ಎರೆಹುಳು, ಎಲ್ಲ ಸರಿಯಾಗಿದೆ. ಆದರೂ ಒಂದು ತಿಂಗಳಿಂದ ಊಟವಿಲ್ಲ. ಮೈ ಮೇಲೆ ಕಪ್ಪು ಚುಕ್ಕೆಯಂಥ ಹುಣ್ಣು ಕಾಣುತ್ತಿದೆ. ಹಿಡಿದ ಕಡೆಗೇ ಬಿಟ್ಟು ಬರಲೇ?

ಉತ್ತರ: ಬೇಡ, ಬಿಡಬೇಡಿ. ಊಟ ಬಿಡುವುದು, ಮಂಕಾಗುವುದು, ಪದೇಪದೇ ಪೊರೆ ಬಿಡುವುದು, ಸಣ್ಣ ಹುಣ್ಣುಗಳು, ಈ ನಾಲ್ಕೂ ಸೇರಿದರೆ ಕೈಟ್ರಿಡ್ ಶಿಲೀಂಧ್ರವನ್ನು ಮೊದಲು ಅನುಮಾನಿಸಬೇಕು. ಬ್ಯಾಟ್ರಕೊಕೈಟ್ರಿಯಂ ಸಲಮಾಂಡ್ರಿವೊರಾನ್ಸ್ ಎಂಬ ಕೈಟ್ರಿಡ್ ಜಾತಿಯನ್ನು ನೆದರ್‌ಲ್ಯಾಂಡ್ಸಿನ ಫೈರ್ ಸಲಮಾಂಡರ್‌ಗಳು ಸಾಮೂಹಿಕವಾಗಿ ಸತ್ತ ಮೇಲೆ 2013ರಲ್ಲಿ ಗುರುತಿಸಲಾಯಿತು. ಅದು ಬಾರದಿರಲಿ ಎಂದೇ ಅಮೆರಿಕ 2016ರಲ್ಲಿ 20 ಕುಲಗಳ ಸಲಮಾಂಡರ್ ಆಮದನ್ನು ನಿರ್ಬಂಧಿಸಿತು. ಚರ್ಮವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಪಿಸಿಆರ್ ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಈ ಶಿಲೀಂಧ್ರ 25 ಡಿಗ್ರಿ ತಾಳದು, 10 ದಿನ ಆ ಉಷ್ಣತೆಯಲ್ಲಿಟ್ಟರೆ ಹೋಗುತ್ತದೆ ಎಂದು ಓದಿ ನೀವೇ ಬಿಸಿ ಮಾಡಲು ಹೊರಡಬೇಡಿ. ತಂಪು ಬೇಡುವ ಹಲವು ಜಾತಿಗಳು ಶಿಲೀಂಧ್ರಕ್ಕಿಂತ ಮೊದಲೇ ಸಾಯುತ್ತವೆ.

ಜೊತೆಯಲ್ಲಿ ಬೇರೆ ಪ್ರಾಣಿ ಇದ್ದರೆ ಇಂದೇ ಬೇರ್ಪಡಿಸಿ. ಚಿಮಟ, ಪಾತ್ರೆ, ಕೈಗವಸು ಎಲ್ಲ ಬೇರೆ ಬೇರೆ. ಆರೋಗ್ಯವಾಗಿರುವುದರ ಕೆಲಸ ಮೊದಲು, ರೋಗಿಯ ಕೆಲಸ ಕೊನೆಗೆ. ತೊಟ್ಟಿಯ ನೀರು, ಮಣ್ಣು ಹೊರಗೆ ಚೆಲ್ಲಬೇಡಿ.

ವೈದ್ಯರ ಬಳಿ ಹೋಗುವಾಗ ಹಿಕ್ಕೆಯನ್ನೂ ಒಯ್ಯಿರಿ. ಸಣ್ಣ ಡಬ್ಬಿಯಲ್ಲಿ ಒಂದು ಹನಿ ನೀರಿನೊಂದಿಗೆ ಹಾಕಿ, ತಂಪಿನಲ್ಲಿಟ್ಟು, ಆದಷ್ಟು ಅದೇ ದಿನ ಮುಟ್ಟಿಸಿ, ಹೆಪ್ಪುಗಟ್ಟಿಸಬೇಡಿ. ಹೊರಗಿನಿಂದ ತಂದ ಸಲಮಾಂಡರಿನ ಕರುಳಲ್ಲಿ ಹುಳ ಇರುವುದು ಸಾಮಾನ್ಯ. ಸ್ವಲ್ಪ ಇದ್ದರೆ ಔಷಧ ಬೇಕಾಗದೆಯೂ ಇರಬಹುದು, ಇಕ್ಕಟ್ಟಿನ ಡಬ್ಬಿಯಲ್ಲಿ ಸಂಖ್ಯೆ ಏರಿದಾಗಲೇ ಹಸಿವು ಸಾಯುವುದು. ಎಣಿಕೆ ನೋಡಿ ವೈದ್ಯರು ತೀರ್ಮಾನಿಸಲಿ.

ಬಿಡುವ ವಿಷಯಕ್ಕೆ ಬಂದರೆ, ಬೇರೆ ಉಭಯವಾಸಿಗಳ ಜೊತೆಗೋ ಅವುಗಳ ಪಾತ್ರೆ ಮಣ್ಣಿನ ಜೊತೆಗೋ ಒಮ್ಮೆ ಸಂಪರ್ಕ ಬಂದದ್ದನ್ನು ಹುಣ್ಣು ಇರಲಿ ಇಲ್ಲದಿರಲಿ ಮರಳಿ ಬಿಡಬಾರದು. ಯಾವ ಸಂಪರ್ಕವೂ ಇಲ್ಲದೆ, ಹಿಡಿದು ಕೆಲವೇ ದಿನವಾಗಿ, ಮೈ ಚೆನ್ನಾಗಿದ್ದು, ಊಟ ಮಾತ್ರ ಬಿಟ್ಟಿದ್ದರೆ, ಅಲ್ಲಿನ ಕಾನೂನು ಒಪ್ಪಿದರೆ, ಹಿಡಿದ ಅದೇ ದಿಮ್ಮಿಯ ಕೆಳಗೆ ತೇವದ ಸಂಜೆಯಲ್ಲಿ ಬಿಡಬಹುದು. ಬೇರೆ ಕಾಡಿಗೆ, ಬೇರೆ ತೊರೆಗೆ ಬಿಡಬಾರದು. ನಿಮ್ಮ ಪ್ರಾಣಿ ಸದ್ಯಕ್ಕೆ ಈ ಸಾಲಿಗೆ ಸೇರುವುದಿಲ್ಲ; ಅದನ್ನು ಒದ್ದೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿ, 15 ಡಿಗ್ರಿಯ ಆಸುಪಾಸಿನಲ್ಲಿ, ಪ್ರತಿದಿನ ಟಿಶ್ಯೂ ಬದಲಿಸುತ್ತ ಇಟ್ಟು ವೈದ್ಯರಿಗೆ ತೋರಿಸಿ.